ಇಪ್ಪತ್ತೊಂದು ಬುಧವಾರಗಳು

ಅಮ್ಮನ ಆರೋಗ್ಯ ವಿಮೆಯ ನವೀಕರಣದ ನೋಟಿಸು 2024ರ ಜುಲೈ 29ರಂದು ನನ್ನ ಇ-ಮೇಲ್‌ಗೆ ಬಂತು. ಹಿಂದಿನ ವರ್ಷ ತೆರಿಗೆಯೂ ಸೇರಿ 29,264 ರೂಪಾಯಿ ಕಟ್ಟಿದ್ದ ಪಾಲಿಸಿಗೆ ಈ ಬಾರಿ 45,548 ರೂಪಾಯಿ ಕಟ್ಟಬೇಕೆಂದು ಅದರಲ್ಲಿತ್ತು. ಅಂಕಿಗಳು ಎಲ್ಲೋ ಅದಲುಬದಲಾಗಿರಬೇಕೆಂದುಕೊಂಡು ಸಹಾಯವಾಣಿಗೆ ಕರೆ ಮಾಡಿದೆ. ಇಪ್ಪತ್ತು ನಿಮಿಷ ಕಾದ ಮೇಲೆ ಸಿಕ್ಕ ಹುಡುಗ ಎರಡು ಕಾರಣಗಳನ್ನು ಹೇಳಿದ. ಅಮ್ಮನಿಗೆ 66 ತುಂಬಿದ್ದರಿಂದ ಅವರು 61ರಿಂದ 65ರ ವಯೋಗುಂಪಿನಿಂದ ಮೇಲಿನ ಗುಂಪಿಗೆ ಸೇರಿದ್ದರು. ಅದೇ ವರ್ಷ ಕಂಪನಿಯು ವೈದ್ಯಕೀಯ ವೆಚ್ಚ ಏರಿದೆಯೆಂದು ಇಡೀ ದರಪಟ್ಟಿಯನ್ನೇ ಪರಿಷ್ಕರಿಸಿತ್ತು. ಹಿಂದಿನ ವರ್ಷ ನಾವು ಪಡೆದ ಕ್ಲೇಮಿಗೂ ಇದಕ್ಕೂ ಸಂಬಂಧವಿಲ್ಲವೆಂದು ಆತ ಒತ್ತಿ ಹೇಳಿದ್ದು ನಿಜವೇ ಆಗಿತ್ತು, ಏಕೆಂದರೆ ಒಬ್ಬರು ಕ್ಲೇಮ್ ಪಡೆದರೆಂಬ ಕಾರಣಕ್ಕೆ ಅವರೊಬ್ಬರ ಕಂತನ್ನು ನವೀಕರಣದಲ್ಲಿ ಏರಿಸುವಂತಿಲ್ಲ. ಕಾರಣ ಯಾವುದಾದರೂ ಹೆಚ್ಚುವರಿ 16,284 ರೂಪಾಯಿಯನ್ನು ಹೊಂದಿಸಬೇಕಾದವಳು ನಾನೇ ಆಗಿದ್ದೆ.

ಆ ಮೊತ್ತ ನನಗೆ ಯಾಕಷ್ಟು ಭಾರವಾಯಿತೆಂಬುದಕ್ಕೆ ಸ್ವಲ್ಪ ಹಿಂದಿನದನ್ನು ಹೇಳಬೇಕು. 2023ರ ನವೆಂಬರ್‌ನಲ್ಲಿ ಅಮ್ಮ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ದಿನಗಳಿಗೆ ಮನೆಗೆ ಬಂದರಾದರೂ, ಹಳೆಯ ಸಕ್ಕರೆ ಕಾಯಿಲೆಯೂ ಜೊತೆಗಿದ್ದುದರಿಂದ ಚೇತರಿಕೆ ನಿಧಾನವಾಯಿತು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವುದಕ್ಕೂ ಪಕ್ಕದಲ್ಲಿ ಒಬ್ಬರು ಇರಲೇಬೇಕಾಗಿತ್ತು. ಮೂರು ತಿಂಗಳು ರಜೆಗಳನ್ನೆಲ್ಲ ಜೋಡಿಸಿಕೊಂಡು ದೂಡಿದ ನಾನು 2024ರ ಫೆಬ್ರವರಿ ಕೊನೆಯಲ್ಲಿ ಪೂರ್ಣಾವಧಿ ಕೆಲಸ ಬಿಟ್ಟು, ಮನೆಯಿಂದಲೇ ಮಾಡಬಹುದಾದ ಅರೆಕಾಲಿಕ ಕೆಲಸ ಹಿಡಿದೆ. ಕೆಲಸ ಬಿಟ್ಟ ದಿನ ಸಂಬಳದಷ್ಟೇ ಸದ್ದಿಲ್ಲದೆ ನಿಂತುಹೋದದ್ದು ಕಚೇರಿಯ ಗುಂಪು ವಿಮೆ. ಹೊರಬರುವ ಹೊತ್ತಿನಲ್ಲಿ ಕೇಳಿಕೊಂಡಿದ್ದರೆ ಗುಂಪು ಪಾಲಿಸಿಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆಗೊಂಡು, ಅದುವರೆಗಿನ ವರ್ಷಗಳ ಲೆಕ್ಕವನ್ನು ಜೊತೆಗೇ ಒಯ್ಯಲು ಅವಕಾಶವಿತ್ತು. ನನಗದು ಗೊತ್ತಾದದ್ದು ಎಷ್ಟೋ ತಿಂಗಳ ನಂತರ. ಬಿಡುಗಡೆಯ ದಿನ ಲ್ಯಾಪ್‌ಟಾಪಿನ ಚಾರ್ಜರ್ ಮರಳಿಸಿದ್ದಕ್ಕೂ ಸಹಿ ಮಾಡಿಸಿಕೊಂಡವರು ಈ ಒಂದು ಮಾತನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೂವರೆ ತಿಂಗಳು ಯಾವ ವಿಮೆಯೂ ಇಲ್ಲದೆ ಇದ್ದು, ಏಪ್ರಿಲ್‌ನಲ್ಲಿ ನನ್ನ ಹೆಸರಿಗೆ ಹತ್ತು ಲಕ್ಷದ ಹೊಸ ಪಾಲಿಸಿ ಮಾಡಿಸಿದೆ. ಗುಂಪು ವಿಮೆಯಲ್ಲಿ ಮೊದಲ ದಿನದಿಂದಲೇ ರಕ್ಷಣೆಯಿದ್ದ ನನ್ನ ರಕ್ತದೊತ್ತಡಕ್ಕೆ ಈಗ ಮೂರು ವರ್ಷಗಳ ಕಾಯುವ ಅವಧಿ ಅಂಟಿಕೊಂಡಿತು, ಅಂದರೆ ಅಲ್ಲಿಯವರೆಗೆ ಅದರ ಚಿಕಿತ್ಸೆಗೆ ವಿಮೆಯ ಹಣ ಸಿಗುವಂತಿರಲಿಲ್ಲ.

ಅಮ್ಮನ ಪಾಲಿಸಿ ಮಾತ್ರ 2017ರಿಂದ ಪ್ರತ್ಯೇಕವಾಗಿಯೇ ನಡೆದುಕೊಂಡು ಬಂದಿತ್ತು. ಐದು ಲಕ್ಷದ ವಿಮಾ ಮೊತ್ತದ ಆ ಪಾಲಿಸಿಯನ್ನು ಬಿಡುವ ಮನಸ್ಸು ನನಗೆ ಯಾಕಾಗಲಿಲ್ಲವೆಂದರೆ ಅದು ನಮ್ಮ ಕೈ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೆ. ಎಷ್ಟು ಹಿಡಿಯಿತು, ಎಲ್ಲಿ ಬಿಟ್ಟಿತು ಎಂಬುದನ್ನೂ ಕಂಡಿದ್ದೆ. ಆಸ್ಪತ್ರೆಯ ಬಿಲ್ಲು 3,60,000 ರೂಪಾಯಿ ಆಗಿತ್ತು. ಪಾಲಿಸಿಯ ಪ್ರಕಾರ ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇ 1ನ್ನು, ಅಂದರೆ ದಿನಕ್ಕೆ 5,000 ರೂಪಾಯಿಯನ್ನು ಮೀರುವಂತಿರಲಿಲ್ಲ. ಅಂದು ಖಾಲಿಯಿದ್ದದ್ದು 7,500ರ ಕೊಠಡಿ. ದಿನಕ್ಕೆ ಎರಡೂವರೆ ಸಾವಿರದ ವ್ಯತ್ಯಾಸವನ್ನು ಕೈಯಿಂದ ಕಟ್ಟಿದರಾಯಿತೆಂದು ಒಪ್ಪಿಕೊಂಡೆ. ಆದರೆ ಕೊಠಡಿಯ ಮಿತಿ ಮೀರಿದಾಗ ಅದೇ ಪ್ರಮಾಣದಲ್ಲಿ ಶಸ್ತ್ರಚಿಕಿತ್ಸಕರ ಶುಲ್ಕ, ಆಪರೇಷನ್ ಥಿಯೇಟರಿನ ವೆಚ್ಚ, ಶುಶ್ರೂಷೆಯ ವೆಚ್ಚ ಎಲ್ಲವನ್ನೂ ಕತ್ತರಿಸುತ್ತಾರೆಂಬುದು ಇತ್ಯರ್ಥದ ಪತ್ರ ಕೈಗೆ ಬರುವವರೆಗೆ ನನಗೆ ಹೊಳೆದಿರಲಿಲ್ಲ. ಆ ಬಾಬ್ತುಗಳ 1,80,000ದಲ್ಲಿ ಮೂರನೆಯ ಒಂದು ಭಾಗ, ಅಂದರೆ 60,000 ರೂಪಾಯಿ, ಒಂದೇ ಗೆರೆಯಲ್ಲಿ ಹೋಗಿತ್ತು. ಬಾಡಿಗೆಯ ವ್ಯತ್ಯಾಸ 22,500. ಕೈಗವಸು, ಹತ್ತಿ, ಡೈಪರ್ ಮುಂತಾದವು 11,400. ಅದೇ ಪತ್ರದಲ್ಲಿ ಸೊಂಟಕ್ಕೆ ಕೂರಿಸಿದ 54,000ದ ಇಂಪ್ಲಾಂಟಿನಿಂದಲೂ ಮೂರನೆಯ ಒಂದು ಭಾಗ ಕಳೆದಿದ್ದರು. ಇಂಪ್ಲಾಂಟ್, ಔಷಧ ಮತ್ತು ಪರೀಕ್ಷೆಗಳ ವೆಚ್ಚವನ್ನು ಹೀಗೆ ಪ್ರಮಾಣ ಹಿಡಿದು ಕಡಿತ ಮಾಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಹೇಳಿದೆ. ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆದ ಎರಡು ಪತ್ರಗಳಿಗೆ ಉತ್ತರ ಬಾರದಿದ್ದಾಗ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಿದೆ. ಅಲ್ಲಿಯೂ ಆಗದಿದ್ದರೆ ವಿಮೆಯ ದೂರುಗಳನ್ನು ಆಲಿಸಿ ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುವುದೆಂದು ಕಾಗದಗಳನ್ನು ಜೋಡಿಸಿಟ್ಟಿದ್ದೆ. ಅಷ್ಟರಲ್ಲಿ 18,000 ರೂಪಾಯಿ ಖಾತೆಗೆ ಬಂತು. ಒಟ್ಟು ನಮಗೆ ದಕ್ಕಿದ್ದು 2,66,100 ರೂಪಾಯಿ.

ಆದ್ದರಿಂದ ನನ್ನ ತಮ್ಮ ಫೋನ್ ಮಾಡಿ "ಅಕ್ಕ, ಪಾಲಿಸಿ ಬಿಟ್ಟುಬಿಡು. ಪ್ರತಿವರ್ಷ ಆ ನಲವತ್ತೈದು ಸಾವಿರ ಬೇರೆ ಇಡೋಣ, ನಮ್ಮ ದುಡ್ಡು ನಮ್ಮ ಹತ್ತಿರವೇ ಇರುತ್ತೆ" ಎಂದಾಗ ನಾನು ಈ ಲೆಕ್ಕವನ್ನೇ ಅವನ ಮುಂದಿಟ್ಟೆ. ಒಂದು ಸಲ ಬಿದ್ದದ್ದಕ್ಕೆ ಕಂಪನಿ ಕೊಟ್ಟ ಹಣವನ್ನು ಹಾಗೆ ಕೂಡಿಸಲು ನಮಗೆ ಸುಮಾರು ಆರು ವರ್ಷ ಬೇಕಿತ್ತು. ಅಮ್ಮ ಆರು ವರ್ಷಕ್ಕೊಮ್ಮೆ ಮಾತ್ರ ಬೀಳುತ್ತಾರೆಂದು ಯಾರು ಬರೆದುಕೊಡುತ್ತಾರೆ? ತಮ್ಮನ ಮಾತು ತೀರಾ ತಪ್ಪೆಂದೂ ನಾನು ಹೇಳಲಾರೆ. ಕಂತು ಹೀಗೆಯೇ ಏರಿದರೆ ಅವನ ಲೆಕ್ಕವೇ ಸರಿಯಾಗುವ ವರ್ಷವೊಂದು ಬರಬಹುದು. ಆದರೆ ಒಮ್ಮೆ ಬಿಟ್ಟ ಪಾಲಿಸಿಯನ್ನು ಆ ವಯಸ್ಸಿನಲ್ಲಿ, ಆ ಆರೋಗ್ಯದಲ್ಲಿ ಮತ್ತೆ ಹಿಡಿಯುವುದು ಆಗದ ಮಾತು.

ಬೇರೆ ಕಂಪನಿಗೆ ಬದಲಿಸುವ ಪೋರ್ಟಬಿಲಿಟಿಯ ಬಗ್ಗೆ ಆಗಲೇ ವಿಚಾರಿಸಿದೆ. ಅದಕ್ಕೆ ನವೀಕರಣದ ದಿನಾಂಕಕ್ಕಿಂತ ಕನಿಷ್ಠ 45 ದಿನ ಮೊದಲು ಅರ್ಜಿ ಕೊಡಬೇಕು. ನಮ್ಮ ನವೀಕರಣ ಆಗಸ್ಟ್ 28ಕ್ಕಿತ್ತು, ನೋಟಿಸು ಬಂದದ್ದು ಅದಕ್ಕೆ 30 ದಿನ ಮೊದಲು. ಗಡುವು ಮೀರಿದ ಅರ್ಜಿಯನ್ನು ತೆಗೆದುಕೊಳ್ಳುವುದು ಬಿಡುವುದು ಹೊಸ ಕಂಪನಿಯ ಇಷ್ಟ, ನಾನು ಕೇಳಿದ ಇಬ್ಬರೂ ಇಷ್ಟಪಡಲಿಲ್ಲ. ಕಂತು ಏರಿದೆಯೆಂದು ತಿಳಿಯುವ ಹೊತ್ತಿಗೆ ಅದರಿಂದ ತಪ್ಪಿಸಿಕೊಳ್ಳುವ ಬಾಗಿಲು ಮುಚ್ಚಿಯಾಗಿತ್ತು.

ಇನ್ನುಳಿದದ್ದು ಮನೆಯ ಖರ್ಚಿನಲ್ಲಿ ಎಲ್ಲಿ ಕತ್ತರಿಸುವುದೆಂಬ ಪ್ರಶ್ನೆ. ಅಮ್ಮನ ಔಷಧಗಳನ್ನು ಮುಟ್ಟುವಂತಿರಲಿಲ್ಲ. ಏಜೆನ್ಸಿಯಿಂದ ಹಗಲು ಹೊತ್ತು ಬರುತ್ತಿದ್ದ ಹೋಂ ನರ್ಸ್‌ಗೆ ದಿನಕ್ಕೆ 750 ರೂಪಾಯಿ ಕೊಡುತ್ತಿದ್ದೆವು. ಭಾನುವಾರ ಬಿಟ್ಟು ಆರು ದಿನ ಬರುತ್ತಿದ್ದರು. ನಮ್ಮ ಪಾಲಿಸಿಯಲ್ಲಿ ಆಸ್ಪತ್ರೆಯ ಹಾಸಿಗೆಗೆ ಹಣವುಂಟು, ಮನೆಯ ಹಾಸಿಗೆಗೆ ಇಲ್ಲ. ಈ 750 ರೂಪಾಯಿಗಾಗಲಿ, ತಿಂಗಳ ಡೈಪರಿಗಾಗಲಿ, ಕಮೋಡ್ ಕುರ್ಚಿಗಾಗಲಿ ಅದರಿಂದ ಪೈಸೆಯೂ ಬರುವಂತಿರಲಿಲ್ಲ. ಹಾಗಾಗಿ ಹಾಳೆಯೊಂದರ ಮೇಲೆ 16,284ನ್ನು 750ರಿಂದ ಭಾಗಿಸಿದೆ. ಇಪ್ಪತ್ತೊಂದು ದಿನ ಮತ್ತು ಚಿಲ್ಲರೆ. ವಾರದಲ್ಲಿ ನನಗೆ ಕಚೇರಿಯ ಕರೆಗಳು ಕಡಿಮೆಯಿರುವುದು ಬುಧವಾರ, ಆದ್ದರಿಂದ ಸೆಪ್ಟೆಂಬರ್ ಮೊದಲ ವಾರದಿಂದ ಇಪ್ಪತ್ತೊಂದು ಬುಧವಾರ ಬರಬೇಡಿರೆಂದು ಆಕೆಗೆ ಹೇಳಿದೆ. ಸುಮಾರು ಐದು ತಿಂಗಳು. ಆಕೆಯ ತಿಂಗಳ ದುಡಿಮೆಯಿಂದ ಮೂರು ಸಾವಿರ ಹೋದದ್ದನ್ನು ಆಗ ನಾನು ಯೋಚಿಸಲಿಲ್ಲವೆಂದರೆ ಸುಳ್ಳಾಗುತ್ತದೆ, ಯೋಚಿಸಿಯೂ ಹೇಳಿದೆ. "ಆಯ್ತು ಬಿಡಿ ಮೇಡಂ, ಬುಧವಾರ ಬೇರೆ ಮನೆ ನೋಡ್ತೀನಿ" ಎಂದರು ಆಕೆ.

ಬುಧವಾರಗಳು ಮೊದಮೊದಲು ಕಷ್ಟವೆನಿಸಲಿಲ್ಲ. ಅಮ್ಮನ ತೂಕ 62 ಕಿಲೋ, ನನ್ನದು 55. ಹಾಸಿಗೆಯಿಂದ ಕಮೋಡ್ ಕುರ್ಚಿಗೆ, ಅಲ್ಲಿಂದ ಮತ್ತೆ ಹಾಸಿಗೆಗೆ, ಮಧ್ಯಾಹ್ನ ಸ್ನಾನದ ಸ್ಟೂಲಿಗೆ ಎಂದು ದಿನಕ್ಕೆ ಹತ್ತು ಹನ್ನೆರಡು ಸಲವಾದರೂ ಎಬ್ಬಿಸಿ ಕೂರಿಸಬೇಕಾಗುತ್ತಿತ್ತು. ಫಿಸಿಯೋಥೆರಪಿಯವರು ಸರಿಯಾದ ಕ್ರಮವನ್ನು ತೋರಿಸಿಕೊಟ್ಟಿದ್ದರು: ನಮ್ಮ ಮೊಣಕಾಲು ಬಗ್ಗಬೇಕು, ಬೆನ್ನು ಬಗ್ಗಬಾರದು, ಅವರ ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮೈಗೆ ಹತ್ತಿರ ತಂದುಕೊಂಡು ಎತ್ತಬೇಕು. ಡಿಸೆಂಬರ್‌ನ ಎರಡನೆಯ ಬುಧವಾರ, ಅದು ಹದಿನೈದನೆಯದು, ಅಮ್ಮ ಕುರ್ಚಿಯಿಂದ ಏಳುವಾಗ ಅವರ ಎಡಗಾಲು ಚಾಪೆಯ ಅಂಚಿಗೆ ಸಿಕ್ಕಿತು. ಮೊಣಕಾಲು ಬಗ್ಗಿಸುವಷ್ಟು ಪುರಸೊತ್ತು ಇರಲಿಲ್ಲ. ಅವರನ್ನು ಬೀಳಗೊಡಲಿಲ್ಲ, ಆದರೆ ನನ್ನ ಬೆನ್ನಿನ ಕೆಳಗೆ ಏನೋ ಹಿಡಿದುಕೊಂಡು, ಇಬ್ಬರೂ ಹಾಸಿಗೆಯ ಅಂಚಿಗೆ ಒರಗಿ ನಿಂತಲ್ಲೇ ನಿಂತೆವು. "ನಿನಗೇನಾದರೂ ಆಯ್ತಾ?" ಎಂದು ಅಮ್ಮ ಕೇಳಿದರು. ಇಲ್ಲವೆಂದೆ. ಪಕ್ಕದ ಮನೆಯವರನ್ನು ಕೂಗಿ ಕರೆದದ್ದು ಮಾತ್ರ ಅಮ್ಮನೇ.

ಎಂಆರ್‌ಐಯಲ್ಲಿ ಬೆನ್ನುಮೂಳೆಯ ಡಿಸ್ಕೊಂದು ಉಬ್ಬಿರುವುದು ಕಂಡಿತು. ಶಸ್ತ್ರಚಿಕಿತ್ಸೆ ಬೇಡ, ವಿಶ್ರಾಂತಿ ಮತ್ತು ಫಿಸಿಯೋಥೆರಪಿ ಸಾಕು ಎಂದರು ವೈದ್ಯರು. ಸ್ಕ್ಯಾನಿಗೆ 6,500, ಸಮಾಲೋಚನೆ ಮತ್ತು ಮಾತ್ರೆಗೆ 1,900, ಹನ್ನೆರಡು ಸಲದ ಫಿಸಿಯೋಥೆರಪಿಗೆ 6,000, ಒಟ್ಟು 14,400 ರೂಪಾಯಿ. ಆಸ್ಪತ್ರೆಗೆ ದಾಖಲಾಗದ ಚಿಕಿತ್ಸೆಯಾದ್ದರಿಂದ ನನ್ನ ಹತ್ತು ಲಕ್ಷದ ಪಾಲಿಸಿ ಇದರಲ್ಲಿ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಹದಿನೈದು ಬುಧವಾರಗಳಿಂದ ಉಳಿಸಿದ್ದು 11,250. ಮುಂದಿನ ಆರು ವಾರ ಅಮ್ಮನನ್ನು ನಾನು ಎತ್ತುವಂತಿರಲಿಲ್ಲವಾದ್ದರಿಂದ ಹೋಂ ನರ್ಸ್ ಬುಧವಾರ ಮಾತ್ರವಲ್ಲ, ಭಾನುವಾರವೂ ಬಂದರು, ಭಾನುವಾರದ ದರ ಹೆಚ್ಚು. ಅರೆಕಾಲಿಕ ಕೆಲಸದಲ್ಲಿ ಎರಡು ವಾರದ ಸಂಬಳವೂ ಹೋಯಿತು. ಇದನ್ನೆಲ್ಲ ಕೂಡಿಸಿ ನೋಡುವ ಧೈರ್ಯವನ್ನು ನಾನು ಮಾಡಲಿಲ್ಲ.

ಈ ನಡುವೆ ಸರ್ಕಾರದ ಕಡೆಯಿಂದ ಎರಡು ಸುದ್ದಿಗಳು ಬಂದವು. ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು, ಆದಾಯ ಎಷ್ಟೇ ಇರಲಿ, 70 ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಆ ಸುದ್ದಿಯನ್ನು ನನಗೆ ಕಳಿಸಿದವರು ಏಳು ಜನ. ಅಮ್ಮನಿಗೆ ಆಗ 66. ಎರಡನೆಯದು ನಮಗೆ ನೇರವಾಗಿ ತಾಗುವಂಥದು. 60 ದಾಟಿದವರ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ತನ್ನೊಡನೆ ಸಮಾಲೋಚಿಸಬೇಕೆಂದು ಪ್ರಾಧಿಕಾರವು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ನಮ್ಮ ಏರಿಕೆ ಅದಾಗಲೇ ಆಗಿಹೋಗಿತ್ತು, ಆದರೂ ಮುಂದಿನ ವರ್ಷದ ಬಗ್ಗೆ ಸ್ವಲ್ಪ ಉಸಿರಾಡುವಂತಾಯಿತು.

ಆ ಸುತ್ತೋಲೆಯನ್ನು ಎರಡನೆಯ ಸಲ ಓದಿದ್ದು ಏಪ್ರಿಲ್‌ನಲ್ಲಿ, ನನ್ನದೇ ಪಾಲಿಸಿಯ ನವೀಕರಣದ ನೋಟಿಸು ಬಂದಾಗ. ತೆರಿಗೆ ಬಿಟ್ಟು 16,900 ಇದ್ದ ಕಂತು 20,600 ಆಗಿತ್ತು, ಶೇ 22ರ ಹತ್ತಿರ. ನನಗೆ 47 ವರ್ಷ. ಶೇ 10ರ ಆ ಕಟ್ಟು ನನ್ನ ವಯಸ್ಸಿನವರಿಗಲ್ಲ. ಹಿರಿಯರಿಗೆ ಆ ರಕ್ಷಣೆ ಬೇಕೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆರೈಕೆಯಲ್ಲಿರುವವರ ಕಂತನ್ನು ಯಾರು ಕಟ್ಟುತ್ತಾರೋ ಅವರದೇ ಕಂತು ಎಷ್ಟಾದರೂ ಏರಬಹುದೆನ್ನುವಾಗ, ಎರಡೂ ಒಂದೇ ಪರ್ಸಿನಿಂದ ಹೋಗುತ್ತವೆಂಬುದು ಯಾವ ದರಪಟ್ಟಿಗೂ ಕಾಣುವುದಿಲ್ಲ. ಅಮ್ಮನ ಪಾಲಿಸಿಯಲ್ಲಿ ಕತ್ತರಿಸುವಂಥದೇನೂ ಇರಲಿಲ್ಲ. ನನ್ನದರಲ್ಲಿತ್ತು. ವಿಮಾ ಮೊತ್ತವನ್ನು ಹತ್ತು ಲಕ್ಷದಿಂದ ಐದು ಲಕ್ಷಕ್ಕೆ ಇಳಿಸಿದೆ. ಮುಂದೆಂದಾದರೂ ಮತ್ತೆ ಏರಿಸಿದರೆ ಆ ಹೆಚ್ಚಿನ ಮೊತ್ತಕ್ಕೆ ಕಾಯುವ ಅವಧಿಗಳೆಲ್ಲ ಹೊಸದಾಗಿ ಆರಂಭವಾಗುತ್ತವೆಂದು ಗೊತ್ತಿದ್ದೂ ಇಳಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾನು ಗಟ್ಟಿಯಾಗಿರಬೇಕೆಂದು ಎಲ್ಲರೂ ಹೇಳುತ್ತಿದ್ದರು, ಗಟ್ಟಿಯಾಗಿದ್ದೇನೆಂದು ನಾನೂ ಅಂದುಕೊಂಡಿದ್ದೆ.

2025ರ ಜುಲೈ ಬರುವ ಹೊತ್ತಿಗೆ ಪಾಠ ಕಲಿತಿದ್ದೆ. ನೋಟಿಸಿಗೆ ಕಾಯದೆ, ನವೀಕರಣಕ್ಕೆ 55 ದಿನ ಇರುವಾಗಲೇ ಎರಡು ಕಂಪನಿಗಳಿಗೆ ಪೋರ್ಟಬಿಲಿಟಿಯ ಅರ್ಜಿ ಹಾಕಿದೆ. ಪೋರ್ಟಬಿಲಿಟಿಯೆಂದರೆ ಹಳೆಯ ವರ್ಷಗಳ ಲೆಕ್ಕವನ್ನು ಹೊಸ ಕಂಪನಿ ಮಾನ್ಯ ಮಾಡಬೇಕೆಂದಷ್ಟೇ ಅರ್ಥ, ನಮ್ಮನ್ನು ಸೇರಿಸಿಕೊಳ್ಳಲೇಬೇಕೆಂದಲ್ಲ. ಮೊದಲನೆಯವರು ಸಕ್ಕರೆ ಕಾಯಿಲೆ ಮತ್ತು ಸೊಂಟದ ಶಸ್ತ್ರಚಿಕಿತ್ಸೆಯ ಕಾಗದಗಳನ್ನು ನೋಡಿ ಎರಡೇ ದಿನಗಳಲ್ಲಿ ಬೇಡವೆಂದರು. ಎರಡನೆಯವರು ವೈದ್ಯರಿಂದ ಕರೆ ಮಾಡಿಸುತ್ತೇವೆ, ವಿಮೆ ಮಾಡಿಸಿಕೊಳ್ಳುವವರೇ ಉತ್ತರಿಸಬೇಕು, ಕರೆಯ ಧ್ವನಿಮುದ್ರಣ ಆಗುತ್ತದೆ ಎಂದರು. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿ ಪಕ್ಕದಲ್ಲಿ ಕುಳಿತೆ.

"ಸಕ್ಕರೆ ಕಾಯಿಲೆ ಇದೆಯಾ ಅಮ್ಮಾ?"

"ಇಲ್ಲಪ್ಪ, ಈಗ ಸಿಹಿ ಬಿಟ್ಟಿದ್ದೀನಿ."

"ಯಾವುದಾದರೂ ಆಪರೇಷನ್ ಆಗಿದೆಯಾ?"

"ದೇವರ ದಯೆ, ಚೆನ್ನಾಗಿದ್ದೀನಿ. ಮಗಳು ನೋಡ್ಕೋತಾಳೆ."

ನಗು ಬಂದರೂ ಎದೆ ಧಸಕ್ಕೆಂದಿತು, ಏಕೆಂದರೆ ಅರ್ಜಿಯಲ್ಲಿ ಬರೆದದ್ದಕ್ಕೂ ಧ್ವನಿಮುದ್ರಣದಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ನಾಳೆ ಕ್ಲೇಮಿನ ದಿನ ಮಾಹಿತಿ ಮುಚ್ಚಿಟ್ಟರೆಂದು ತಿರಸ್ಕರಿಸಲು ಅದೇ ಸಾಕು. ನಡುವೆ ಬಾಯಿ ಹಾಕಿ ಔಷಧಗಳ ಹೆಸರು, ಆಪರೇಷನ್ನಿನ ದಿನಾಂಕ ಎಲ್ಲವನ್ನೂ ಹೇಳಿ, ಅಮ್ಮನಿಂದ "ಹೌದು" ಅನ್ನಿಸಿದೆ. ಕರೆ ಮಾಡಿದ ವೈದ್ಯರ ಸಹನೆ ದೊಡ್ಡದು, ಪೂರ್ತಿ ಕೇಳಿಕೊಂಡರು. ನಾಲ್ಕನೆಯ ದಿನ ಒಪ್ಪಿಗೆ ಬಂತು, ಆದರೆ ಶೇ 20ರ ಸಹಪಾವತಿಯ ಷರತ್ತಿನೊಂದಿಗೆ. ಅಂದರೆ ಹಿಂದಿನಂತೆ 3,60,000ದ ಬಿಲ್ಲಾದರೆ ಅದರಲ್ಲಿ 72,000 ನಮ್ಮ ಕೈಯಿಂದ. ಕಂತಿನಲ್ಲಿ ಹೇಳಿಕೊಳ್ಳುವ ಉಳಿತಾಯವೇನೂ ಇರಲಿಲ್ಲ. ಹಳೆಯ ಕಂಪನಿ ನವೀಕರಣವನ್ನು ನಿರಾಕರಿಸುವಂತಿಲ್ಲವಲ್ಲ, ಅಲ್ಲಿಯೇ ಉಳಿದೆವು.

ಆಗಸ್ಟ್‌ನ ಕಂತು ಶೇ 10ರ ಒಳಗೇ ಏರಿ 42,300 ಆಗಿತ್ತು, ಜಿಎಸ್‌ಟಿ 7,614, ಒಟ್ಟು 49,914. ಈ ಬಾರಿ ಸಂಕೋಚ ಬಿಟ್ಟು ತಮ್ಮನಿಗೆ ಎಲ್ಲವನ್ನೂ ಹೇಳಿದೆ, ಬುಧವಾರಗಳನ್ನೂ, ನನ್ನ ಪಾಲಿಸಿ ಇಳಿಸಿದ್ದನ್ನೂ. ಸ್ವಲ್ಪ ಹೊತ್ತು ಸುಮ್ಮನಿದ್ದು "ನನಗೆ ಯಾಕೆ ಹೇಳಲಿಲ್ಲ ಅಕ್ಕ?" ಎಂದ. ಹೇಳದಿದ್ದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವ ಮನಸ್ಸಾಯಿತು, ಕೇಳಲಿಲ್ಲ. ಅವನು ಗೃಹಸಾಲದ ಕಾರಣಕ್ಕೆ ಇನ್ನೂ ಹಳೆಯ ತೆರಿಗೆ ಪದ್ಧತಿಯಲ್ಲೇ ಇದ್ದಾನೆ. ಅಲ್ಲಿ ಆಗಿನ ಆದಾಯ ತೆರಿಗೆ ಕಾಯ್ದೆಯ 80ಡಿ ವಿಧಿಯಡಿ ಹಿರಿಯ ನಾಗರಿಕರಾದ ತಂದೆ ತಾಯಿಯ ವಿಮೆಗೆ ಕಟ್ಟಿದ 50,000 ರೂಪಾಯಿವರೆಗಿನ ಕಂತನ್ನು ತೆರಿಗೆ ಲೆಕ್ಕದ ಆದಾಯದಿಂದ ಕಳೆಯಬಹುದಿತ್ತು. ಹೊಸ ಪದ್ಧತಿಯಲ್ಲಿರುವ ನನಗೆ ಆ ಸೌಲಭ್ಯವಿಲ್ಲ. ಅಮ್ಮನ ಕಂತು ಅವನ ಖಾತೆಯಿಂದ ಹೋಗುವುದು, ಹೋಂ ನರ್ಸ್ ಖರ್ಚು ನನ್ನದೆಂದು ಮಾತಾಯಿತು. ಅವನು ಆಗಸ್ಟ್ 27ರಂದು ಹಣ ಕಟ್ಟಿದ. ಏಳೇ ದಿನಗಳ ನಂತರ, ಸೆಪ್ಟೆಂಬರ್ 3ರಂದು, ಜಿಎಸ್‌ಟಿ ಮಂಡಳಿಯು ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ತೆರಿಗೆಯನ್ನು 22ನೆಯ ತಾರೀಕಿನಿಂದ ಪೂರ್ತಿ ತೆಗೆದುಹಾಕುವ ನಿರ್ಧಾರ ಮಾಡಿತು. 7,614 ರೂಪಾಯಿ ಎಂದರೆ ಹೋಂ ನರ್ಸ್‌ನ ಹತ್ತು ದಿನ. ಇಂಥ ಲೆಕ್ಕ ಈಗ ನನಗೆ ಅಭ್ಯಾಸವಾಗಿಬಿಟ್ಟಿದೆ. ಯಾವ ಮೊತ್ತ ಕಂಡರೂ ಮನಸ್ಸು ಅದನ್ನು 750ರಿಂದ ಭಾಗಿಸುತ್ತದೆ.

ಬುಧವಾರಗಳು ಮರಳಿ ಬಂದಿವೆ, ಹೋಂ ನರ್ಸ್ ಈಗ ಅಂದೂ ಬರುತ್ತಾರೆ. ಉಳಿದಿರುವುದು ನನ್ನ ಪಾಲಿಸಿಯ ವಿಷಯ. ಐದು ಲಕ್ಷವನ್ನು ಮತ್ತೆ ಹತ್ತಕ್ಕೆ ಏರಿಸುವುದಕ್ಕಿಂತ ಒಂದು ಸೂಪರ್ ಟಾಪ್-ಅಪ್ ತೆಗೆದುಕೊಳ್ಳುವುದು ಅಗ್ಗವೆಂದು ತಿಳಿದವರು ಹೇಳಿದರು. ವರ್ಷದಲ್ಲಿ ಆಸ್ಪತ್ರೆಯ ಒಟ್ಟು ಖರ್ಚು ಐದು ಲಕ್ಷ ದಾಟಿದ ಮೇಲಿನದನ್ನಷ್ಟೇ ಅದು ನೋಡಿಕೊಳ್ಳುವುದರಿಂದ ಅದರ ಕಂತು ಮೂಲ ಪಾಲಿಸಿಯ ಒಂದು ಸಣ್ಣ ಪಾಲು ಮಾತ್ರ. ಮೊದಲೇ ಗೊತ್ತಿದ್ದರೆ ಏಪ್ರಿಲ್‌ನಲ್ಲೇ ಮಾಡಿಸುತ್ತಿದ್ದೆ. ಕಳೆದ ವಾರ ಅದರ ಅರ್ಜಿ ತುಂಬಲು ಕುಳಿತೆ. ಹೆಸರು, ವಯಸ್ಸು, ರಕ್ತದೊತ್ತಡದ ಮಾತ್ರೆ. ನಂತರ ಒಂದು ಪ್ರಶ್ನೆ: ಬೆನ್ನುಮೂಳೆ, ಡಿಸ್ಕ್ ಅಥವಾ ಕೀಲುಗಳಿಗೆ ಸಂಬಂಧಿಸಿದ ಯಾವುದೇ ತೊಂದರೆ ಪತ್ತೆಯಾಗಿದೆಯೇ? ಕಳೆದ ಮೂರು ವರ್ಷಗಳೊಳಗೆ ಪತ್ತೆಯಾದದ್ದೆಲ್ಲ ಮೊದಲೇ ಇದ್ದ ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ. ಕಂತು ಏರಬಹುದು, ಬೆನ್ನಿನ ಚಿಕಿತ್ಸೆಗೆ ಮೂರು ವರ್ಷ ಕಾಯಬೇಕಾಗಬಹುದು, ಅರ್ಜಿಯನ್ನೇ ತಿರಸ್ಕರಿಸಲೂಬಹುದು. ಅಮ್ಮ ಫೋನಿನಲ್ಲಿ ಹೇಳಿದಂತೆ ಚೆನ್ನಾಗಿದ್ದೀನಿ ಎಂದು ಬರೆಯುವ ಆಸೆ ಒಂದು ಗಳಿಗೆ ಬಂದು ಹೋಯಿತು. "ಹೌದು" ಎಂಬುದರ ಎದುರು ಗುರುತು ಹಾಕಿ, ಯಾವಾಗಿನಿಂದ ಎಂಬ ಖಾಲಿ ಜಾಗದಲ್ಲಿ 11 ಡಿಸೆಂಬರ್ 2024 ಎಂದು ತುಂಬಿದೆ.